ಕ್ಯಾಂಟರ್ಬರಿ ಮಠದ ನೀರು ಸರಬರಾಜು: 12ನೇ ಶತಮಾನದ ಸೇವೆಯೊಂದರ ವಿಮರ್ಶೆ

ಇಂಗ್ಲೆಂಡಿನ ಕೆಂಟ್ ಸೀಮೆಯ ಕ್ಯಾಂಟರ್ಬರಿ ನಗರದಲ್ಲಿದ್ದ ಕ್ರೈಸ್ಟ್ ಚರ್ಚ್ ಮಠಕ್ಕೆ 12ನೇ ಶತಮಾನದ ಮಧ್ಯಭಾಗದಲ್ಲಿ ಸೀಸದ ಕೊಳವೆಗಳ ಮೂಲಕ ಬುಗ್ಗೆಯ ನೀರನ್ನು ತಂದವರು ಪ್ರಯರ್ ವಿಬರ್ಟ್. ಆರ್ಚ್‌ಬಿಷಪ್ಪರೇ ಆ ಮಠದ ಅಧಿಪತಿಗಳಾಗಿದ್ದರೂ ದಿನನಿತ್ಯದ ಆಡಳಿತವೆಲ್ಲ ಪ್ರಯರ್ ಅವರ ಕೈಯಲ್ಲಿತ್ತು. 1167ರಲ್ಲಿ ವಿಬರ್ಟ್ ತೀರಿಕೊಂಡ ಮೇಲೆ ಸನ್ಯಾಸಿಗಳು ಬರೆದಿಟ್ಟ ಸ್ಮರಣೆಯಲ್ಲಿ, ನಗರದಿಂದ ಹೆಚ್ಚುಕಡಿಮೆ ಒಂದು ಮೈಲಿ ದೂರದಲ್ಲಿದ್ದ ನೀರನ್ನು ಅವರು ಮಠದ ಅಂಗಳಕ್ಕೂ ಅಲ್ಲಿಂದ ಅದರ ಎಲ್ಲ ಕಾರ್ಯಶಾಲೆಗಳಿಗೂ ಅದ್ಭುತವಾಗಿ ಹರಿಸಿದರು ಎಂಬ ಮಾತಿದೆ. ತೀರಿಕೊಂಡವರ ಬಗ್ಗೆ ಒಳ್ಳೆಯದನ್ನು ಬರೆಯುವುದು ವಾಡಿಕೆಯೇ ಆದರೂ ಈ ಹೊಗಳಿಕೆಯನ್ನು ನಾವು ಇಂದಿಗೂ ಒರೆಗೆ ಹಚ್ಚಿ ನೋಡಬಹುದು. ಏಕೆಂದರೆ ಆ ವ್ಯವಸ್ಥೆಯ ನಕ್ಷೆ ಉಳಿದಿದೆ, ಕಟ್ಟಡದ ಕೆಲವು ಭಾಗಗಳೂ ಉಳಿದಿವೆ. ಮಧ್ಯಯುಗದ ಮಠಗಳ ನೀರಿನ ವ್ಯವಸ್ಥೆಗಳಲ್ಲಿ ನಾನು ಇದಕ್ಕೆ ಮೊದಲ ಸ್ಥಾನ ಕೊಡುತ್ತೇನೆ. ಕೊಳವೆಯ ಉದ್ದವನ್ನಾಗಲಿ ಕಟ್ಟಡದ ಅಂದವನ್ನಾಗಲಿ ನೋಡಿ ಕೊಡುವ ಸ್ಥಾನ ಇದಲ್ಲ. ನೀರು ಕೈಕೊಡುವ ದಿನವೊಂದು ಬರುತ್ತದೆ ಎಂಬುದನ್ನು ಕಟ್ಟುವಾಗಲೇ ಲೆಕ್ಕಕ್ಕೆ ತೆಗೆದುಕೊಂಡಿರುವುದು ಇದರ ನಿಜವಾದ ಹಿರಿಮೆ.

ಸೇವೆಯ ಗುಣಮಟ್ಟವನ್ನು ನೋಡುವ ಮೊದಲು ಅದನ್ನು ಬಳಸುತ್ತಿದ್ದವರ ಅಗತ್ಯ ಎಷ್ಟಿತ್ತೆಂದು ತಿಳಿಯಬೇಕು. ಬೆನೆಡಿಕ್ಟೈನ್ ಪಂಥದ ಈ ಮಠದಲ್ಲಿ ನೂರಕ್ಕೂ ಹೆಚ್ಚು ಸನ್ಯಾಸಿಗಳಿದ್ದರು. ಅವರ ಜೊತೆಗೆ ಅಡುಗೆಯವರು, ಕೆಲಸದ ಆಳುಗಳು, ಕುದುರೆ ನೋಡಿಕೊಳ್ಳುವವರು, ಹಾಸಿಗೆ ಹಿಡಿದ ರೋಗಿಗಳು ಮತ್ತು ಬಂದು ಹೋಗುವ ಅತಿಥಿಗಳು ಇದ್ದರು. ಊಟದ ಮೊದಲು ಕೈ ತೊಳೆಯುವುದು, ಪೂಜೆಗೆ ಮುನ್ನ ಮುಖ ತೊಳೆಯುವುದು, ನಿಯಮಿತ ದಿನಗಳಲ್ಲಿ ಒಬ್ಬರು ಇನ್ನೊಬ್ಬರ ಪಾದ ತೊಳೆಯುವುದು ಇವೆಲ್ಲ ಅವರಿಗೆ ಆಚರಣೆಯ ಭಾಗಗಳಾಗಿದ್ದವು. ಬ್ರೆಡ್ ಮಾಡುವ ಮನೆಗೂ, ಅವರ ದಿನನಿತ್ಯದ ಪಾನೀಯವಾಗಿದ್ದ ಏಲ್ ಎಂಬ ಬಿಯರ್ ಕಾಯಿಸುವ ಮನೆಗೂ ನೀರು ಧಾರಾಳವಾಗಿ ಬೇಕಿತ್ತು. ಸಂತ ಬೆನೆಡಿಕ್ಟರು 6ನೇ ಶತಮಾನದಲ್ಲಿ ಬರೆದ ನಿಯಮಾವಳಿಯ 66ನೇ ಅಧ್ಯಾಯವು, ಸಾಧ್ಯವಾದರೆ ನೀರು, ಗಿರಣಿ, ತೋಟ ಎಲ್ಲವೂ ಮಠದ ಆವರಣದೊಳಗೇ ಇರಬೇಕು, ಸನ್ಯಾಸಿಗಳು ಹೊರಗೆ ಅಲೆಯುವಂತಾಗಬಾರದು ಎಂದು ಹೇಳುತ್ತದೆ. ನಗರದ ನಡುವೆ ಸ್ಟೌರ್ ನದಿ ಹರಿಯುತ್ತಿತ್ತಾದರೂ, ಜನವಸತಿಯ ಮಧ್ಯೆ ಹಾದುಬರುವ ನದಿಯ ನೀರನ್ನು ಕುಡಿಯಲು ನೆಚ್ಚಿಕೊಳ್ಳುವಂತಿರಲಿಲ್ಲ. ಆವರಣದೊಳಗೆ ಬಾವಿಗಳಿದ್ದವು, ಬಾವಿಯಿಂದ ಇಷ್ಟೊಂದು ಜನರಿಗೆ ನೀರು ಸೇದಿ ಹೊರುವುದೆಂದರೆ ಅದೊಂದೇ ಹಲವರ ಇಡೀ ದಿನದ ದುಡಿಮೆಯಾಗುತ್ತಿತ್ತು.

ವಿಬರ್ಟ್ ಆರಿಸಿಕೊಂಡ ಮೂಲ ನಗರದ ಗೋಡೆಯಾಚೆ, ಈಶಾನ್ಯ ದಿಕ್ಕಿನ ಎತ್ತರದ ಜಾಗದಲ್ಲಿದ್ದ ಬುಗ್ಗೆಗಳು. ಆ ಎತ್ತರವೇ ಈ ಯೋಜನೆಯ ಬಂಡವಾಳ. ಮೂಲವು ಮಠಕ್ಕಿಂತ ಮೇಲಿರುವವರೆಗೆ ನೀರನ್ನು ಎತ್ತಲು ಚಕ್ರವೂ ಬೇಡ, ಎತ್ತೂ ಬೇಡ. ಇಳಿಜಾರೇ ಎಲ್ಲ ಕೆಲಸವನ್ನೂ ಮಾಡುತ್ತದೆ. ಬುಗ್ಗೆಗಳ ನೀರು ಮೊದಲು ದುಂಡಗಿನ ಒಂದು ಪುಟ್ಟ ಕಟ್ಟಡದಲ್ಲಿ ಸೇರುತ್ತಿತ್ತು. ಅಲ್ಲಿಂದ ಕೊಳವೆಗೆ ಇಳಿಯುವ ಬಾಯಿಯಲ್ಲಿ ತೂತುಗಳಿರುವ ತಗಡನ್ನು ಕೂರಿಸಿ ಎಲೆ, ಕಡ್ಡಿ, ಕಪ್ಪೆಗಳು ಒಳಗೆ ಬಾರದಂತೆ ತಡೆದಿದ್ದರು. ಇಂಥ ಕಟ್ಟಡ ಹೇಗಿರುತ್ತಿತ್ತು ಎಂದು ತಿಳಿಯಬೇಕಾದವರು ಅದೇ ಊರಿನ ಇನ್ನೊಂದು ಮಠವಾದ ಸೇಂಟ್ ಅಗಸ್ಟೀನ್ ಮಠದ ಬುಗ್ಗೆಮನೆಯನ್ನು ನೋಡಬಹುದು. ನಗರದ ಹೊರಗಿನ ಇಳಿಜಾರಿನಲ್ಲಿ ಅದರ ಕಲ್ಲಿನ ತೊಟ್ಟಿಯೂ, ಗುಡ್ಡದ ಒಡಲಿನಿಂದ ನೀರು ಬಂದು ಸೇರುತ್ತಿದ್ದ ಗೋಡೆಯ ಕಿಂಡಿಗಳೂ ಉಳಿದಿವೆ.

ಬುಗ್ಗೆಯಿಂದ ನಗರದ ಗೋಡೆಯವರೆಗಿನ ದಾರಿಯಲ್ಲಿ ಕೊಳವೆಯು ಹೊಲ, ದ್ರಾಕ್ಷಿ ತೋಟ ಮತ್ತು ಸೇಬಿನ ತೋಟಗಳನ್ನು ಹಾದು ಬರುತ್ತದೆ. ಈ ದಾರಿಯಲ್ಲಿ ಐದು ಹೂಳು ತೊಟ್ಟಿಗಳಿವೆ. ಇಡೀ ವ್ಯವಸ್ಥೆಯಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ ಭಾಗ ಇದು, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಿರಿದಾದ ಕೊಳವೆಯಲ್ಲಿ ವೇಗವಾಗಿ ಹರಿಯುವ ನೀರು ಮರಳನ್ನೂ ಸಣ್ಣ ಮಣ್ಣಿನ ಕಣಗಳನ್ನೂ ತನ್ನೊಡನೆ ಎಳೆದುಕೊಂಡು ಬರುತ್ತದೆ. ಅದೇ ನೀರು ಅಗಲವಾದ ತೊಟ್ಟಿಯೊಳಗೆ ಬಂದಾಗ ಅದರ ವೇಗ ಒಮ್ಮೆಲೇ ಕುಗ್ಗುತ್ತದೆ, ವೇಗ ಕುಗ್ಗಿದಾಗ ಭಾರವಾದ ಕಣಗಳು ತಳಕ್ಕೆ ಕೂರುತ್ತವೆ, ಮೇಲಿನ ತಿಳಿನೀರು ಮುಂದಿನ ಕೊಳವೆಗೆ ಸಾಗುತ್ತದೆ. ಒಂದು ತೊಟ್ಟಿಯಲ್ಲಿ ತಪ್ಪಿಸಿಕೊಂಡ ನಯವಾದ ಕಣ ಮುಂದಿನದರಲ್ಲಿ ಸಿಕ್ಕಿಬೀಳುತ್ತದೆ. ಐದನ್ನೂ ದಾಟಿದ ನೀರು ಮಠವನ್ನು ಸೇರುವಾಗ ಕಣ್ಣಿಗೆ ಕಾಣುವ ಕೊಳೆಯನ್ನೆಲ್ಲ ಹಿಂದೆ ಬಿಟ್ಟಿರುತ್ತದೆ.

ಕೂತ ಹೂಳನ್ನು ತೆಗೆಯಲು ತೊಟ್ಟಿಗಳಿಗೆ ಪ್ರತ್ಯೇಕ ಶುದ್ಧಿ ತೂಬುಗಳಿದ್ದವು. ತೂಬಿನ ಬೆಣೆಯನ್ನು ತೆಗೆದರೆ ತೊಟ್ಟಿಯ ನೀರು ತಳದ ಕೆಸರನ್ನು ಕೊಚ್ಚಿಕೊಂಡು ಹೊಲದ ಕಡೆಗೆ ಹೊರಟುಹೋಗುತ್ತದೆ. ಹೀಗೆ ಕೊಳವೆಯನ್ನು ಅಗೆದು ಬಿಚ್ಚದೆಯೇ, ಒಬ್ಬಿಬ್ಬರು ಆಳುಗಳು ಆಗಾಗ ಬಂದು ಇಡೀ ದಾರಿಯನ್ನು ಸ್ವಚ್ಛವಾಗಿಡಬಹುದಿತ್ತು. ಎಲ್ಲಿಯಾದರೂ ಕೊಳವೆ ಕಟ್ಟಿಕೊಂಡರೆ ಅಥವಾ ಸೋರಿದರೆ, ಯಾವ ತೊಟ್ಟಿಯವರೆಗೆ ನೀರು ಬರುತ್ತಿದೆ, ಯಾವುದರಲ್ಲಿ ನಿಂತಿದೆ ಎಂದು ನೋಡಿದರೆ ಸಾಕು, ದೋಷ ಯಾವ ಎರಡು ತೊಟ್ಟಿಗಳ ನಡುವೆ ಇದೆ ಎಂದು ಗೊತ್ತಾಗುತ್ತದೆ. ನೆಲದಡಿ ಹೂತ ಕೊಳವೆಯಲ್ಲಿ ದೋಷ ಹುಡುಕುವುದು ಎಷ್ಟು ಕಷ್ಟವೆಂದು ಬಲ್ಲವರಿಗೆ ಈ ಅನುಕೂಲದ ಬೆಲೆ ತಾನಾಗಿ ಅರ್ಥವಾಗುತ್ತದೆ. ಮಧ್ಯಯುಗದ ಜನರಿಗೆ ನೀರಿನ ಶುಚಿತ್ವದ ಬಗ್ಗೆ ಕಾಳಜಿ ಇರಲಿಲ್ಲ ಎಂಬ ಮಾತನ್ನು ಇನ್ನೂ ಕೆಲವರು ಆಡುತ್ತಾರೆ. ಅವರಿಗೆ ಈ ಐದು ತೊಟ್ಟಿಗಳನ್ನು ತೋರಿಸಬೇಕೆಂದು ನನಗೆ ಅನ್ನಿಸುತ್ತದೆ.

ಕೊಳವೆಯ ಕೆಲಸವೂ ಸುಲಭದ್ದಲ್ಲ. ಆ ಕಾಲದಲ್ಲಿ ಸೀಸವನ್ನು ಕರಗಿಸಿ ಮರಳಿನ ಹಾಸಿನ ಮೇಲೆ ಹೊಯ್ದು ತಗಡು ಮಾಡುತ್ತಿದ್ದರು. ಆ ತಗಡನ್ನು ಪಟ್ಟಿಗಳಾಗಿ ಕತ್ತರಿಸಿ ಮರದ ದಿಮ್ಮಿಯ ಸುತ್ತ ಬಗ್ಗಿಸಿ, ಉದ್ದಕ್ಕೂ ಬರುವ ಅಂಚನ್ನು ತವರ ಸೇರಿಸಿದ ಸೀಸದಿಂದ ಬೆಸೆಯುತ್ತಿದ್ದರು. ಶುದ್ಧ ಸೀಸ ಕರಗಲು 327 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ತವರ ಬೆರೆಸಿದರೆ ಅದಕ್ಕಿಂತ ಬಹಳ ಕಡಿಮೆ ಶಾಖದಲ್ಲೇ ಮಿಶ್ರಣ ಕರಗುವುದರಿಂದ, ಕೊಳವೆ ಕರಗದಂತೆ ಅಂಚನ್ನು ಮಾತ್ರ ಬೆಸೆಯಲು ಸಾಧ್ಯವಾಗುತ್ತದೆ. ಆದರೂ ಬೆಸುಗೆಯ ಅಂಚೇ ಕೊಳವೆಯ ದುರ್ಬಲ ಭಾಗ. ನೀರಿನ ಮಟ್ಟದಲ್ಲಿ ಪ್ರತಿ 10 ಮೀಟರ್ ಎತ್ತರದ ವ್ಯತ್ಯಾಸಕ್ಕೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಸೇರುತ್ತ ಹೋಗುತ್ತದೆ, ಮತ್ತು ಆ ಒತ್ತಡ ಮೊದಲು ಒಡೆಯುವುದು ಬೆಸುಗೆಯನ್ನೇ. ದಾರಿಯ ನಡುವೆ ತೆರೆದ ತೊಟ್ಟಿಯೊಂದು ಬಂದರೆ ಅದರ ಹಿಂದಿನ ಒತ್ತಡ ಅಲ್ಲಿಗೇ ಮುಗಿದು ಮುಂದಿನ ಕೊಳವೆ ಹೊಸದಾಗಿ ಆರಂಭವಾದಂತಾಗುತ್ತದೆ ಎಂಬುದು ಇಂದಿನ ಎಂಜಿನಿಯರುಗಳಿಗೂ ಗೊತ್ತಿರುವ ಉಪಾಯ.

ನಗರದ ಕಂದಕವನ್ನು ದಾಟಿ, ಗೋಡೆಯನ್ನು ತೂರಿ ಒಳಬಂದ ನೀರು ಕೆಥೀಡ್ರಲ್‌ನ ಉತ್ತರ ಬದಿಯಲ್ಲಿ ಹರಡಿಕೊಂಡಿದ್ದ ಮಠದ ಕಟ್ಟಡಗಳ ನಡುವೆ, ಎಲ್ಲಕ್ಕಿಂತ ಮೊದಲು ಶುಶ್ರೂಷಾಲಯದ ಅಂಗಳದ ಪಕ್ಕದಲ್ಲಿರುವ ನೀರಿನ ಗೋಪುರವನ್ನು ತಲುಪುತ್ತಿತ್ತು. ಈ ಗೋಪುರ ಇಂದಿಗೂ ನಿಂತಿದೆ, ಮತ್ತು ಇಡೀ ವ್ಯವಸ್ಥೆಯ ಕಣ್ಮಣಿ ಇದೇ. ಕೆಳಗಿನ ಅಂತಸ್ತು ನಾರ್ಮನ್ ಶೈಲಿಯ ಕಮಾನುಗಳ ಮೇಲೆ ನಿಂತ ತೆರೆದ ಮಂಟಪ. ಕಮಾನುಗಳ ಮೇಲೆ ಕೆತ್ತನೆಯ ಅಲಂಕಾರವಿದೆ. ಮಂಟಪದ ನಟ್ಟನಡುವೆ ಇರುವ ಕಂಬ ಟೊಳ್ಳಾದದ್ದು. ಅದರೊಳಗಿಂದ ಕೊಳವೆ ಮೇಲೇರಿ, ಮೇಲಂತಸ್ತಿನ ತೊಟ್ಟಿಗೆ ನೀರು ಕೊಡುತ್ತಿತ್ತು. ಬುಗ್ಗೆ ಇರುವ ಎತ್ತರದ ಬಲದಿಂದ ನೀರು ತಾನಾಗಿ ಒಂದು ಅಂತಸ್ತು ಮೇಲೇರುವುದನ್ನು ಕಂಡ ಆ ಕಾಲದ ಜನ ಅದನ್ನು ಅದ್ಭುತ ಎಂದು ಕರೆದದ್ದರಲ್ಲಿ ಉತ್ಪ್ರೇಕ್ಷೆಯಿಲ್ಲ.

ತೊಟ್ಟಿಯನ್ನು ಮೇಲಂತಸ್ತಿನಲ್ಲಿ ಇಟ್ಟದ್ದಕ್ಕೆ ಬಳಕೆಯ ಕಾರಣವೂ ಇತ್ತು. ಸನ್ಯಾಸಿಗಳು ಮಲಗುವ ಶಾಲೆ ಮಹಡಿಯ ಮೇಲಿತ್ತು, ಅಲ್ಲಿಂದ ಚರ್ಚಿಗೆ ಹೋಗುವ ಹಾದಿಯೂ ಅದೇ ಮಟ್ಟದಲ್ಲಿತ್ತು. ನಡುರಾತ್ರಿ ಕಳೆದ ಮೇಲೆ ಗಂಟೆ ಬಾರಿಸಿದಾಗ ನಿದ್ದೆಯಿಂದ ಎದ್ದು ಪ್ರಾರ್ಥನೆಗೆ ಹೊರಟ ವೃದ್ಧ ಸನ್ಯಾಸಿಯೊಬ್ಬರು ಕತ್ತಲಲ್ಲಿ ಮೆಟ್ಟಿಲಿಳಿದು ಬಾವಿಯ ಬಳಿಗೆ ಹೋಗಬೇಕಾಗಿರಲಿಲ್ಲ. ನಡೆಯುವ ದಾರಿಯಲ್ಲೇ ನೀರು ಸಿಗುತ್ತಿತ್ತು. ಬಳಸುವವರ ದಿನಚರಿಯನ್ನು ನೋಡಿ ನಲ್ಲಿಯ ಜಾಗವನ್ನು ಗೊತ್ತುಮಾಡಿದ ಇಂಥ ವಿವೇಕ ಎಲ್ಲ ಕಾಲದಲ್ಲೂ ಅಪರೂಪ. ಊಟಕ್ಕೆ ಹೋಗುವವರಿಗಾಗಿ ದೊಡ್ಡ ಅಂಗಳದಲ್ಲಿ, ಭೋಜನಶಾಲೆಯ ಬಾಗಿಲ ಬಳಿ ಇನ್ನೊಂದು ಕೈತೊಳೆಯುವ ತೊಟ್ಟಿ ಇತ್ತು. ಈ ಬಗೆಯ ಏರ್ಪಾಟು ಸುಸ್ಥಿತಿಯಲ್ಲಿ ಕಾಣಬೇಕೆಂದರೆ ಗ್ಲಾಸ್ಟರ್ ಕೆಥೀಡ್ರಲ್‌ಗೆ ಹೋಗಬೇಕು. ಅಲ್ಲಿ 14ನೇ ಶತಮಾನದ ಕೈತೊಳೆಯುವ ಸಾಲು ಬೀಸಣಿಗೆಯಾಕಾರದ ಚಾವಣಿಯ ಕೆಳಗೆ ಪೂರ್ತಿಯಾಗಿ ಉಳಿದಿದೆ, ಎದುರಿನ ಗೋಡೆಯಲ್ಲಿ ಒರೆಸುವ ವಸ್ತ್ರ ಇಡಲು ಮಾಡಿದ ಗೂಡೂ ಇದೆ. ಅಂದದಲ್ಲಿ ಗ್ಲಾಸ್ಟರ್ ಮೇಲು. ನೀರಿನ ಯೋಜನೆಯ ಆಳದಲ್ಲಿ ಕ್ಯಾಂಟರ್ಬರಿಯನ್ನು ಅದು ಸರಿಗಟ್ಟುವುದಿಲ್ಲ.

ಕೈತೊಳೆಯುವ ತೊಟ್ಟಿಗಳಿಂದ ಕವಲೊಡೆದ ಕೊಳವೆಗಳು ಅಡುಗೆಮನೆ, ಬ್ರೆಡ್ ಮನೆ, ಬಿಯರ್ ಕಾಯಿಸುವ ಮನೆ, ಅತಿಥಿಗಳ ಮನೆ, ಸ್ನಾನದ ಮನೆ ಮತ್ತು ಮೀನಿನ ಕೊಳಗಳಿಗೆ ಹೋಗುತ್ತಿದ್ದವು. ಬೆನೆಡಿಕ್ಟೈನ್ ಸನ್ಯಾಸಿಗಳಿಗೆ ನಾಲ್ಕು ಕಾಲಿನ ಪ್ರಾಣಿಗಳ ಮಾಂಸವನ್ನು ನಿಯಮ ನಿಷೇಧಿಸಿದ್ದರಿಂದ, ರೋಗಿಗಳನ್ನು ಬಿಟ್ಟು ಉಳಿದವರಿಗೆ ಮೀನು ಮುಖ್ಯವಾದ ಆಹಾರವಾಗಿತ್ತು. ಹಾಗಾಗಿ ಜೀವಂತ ಮೀನನ್ನು ಇಟ್ಟುಕೊಳ್ಳುವ ಕೊಳ ಉಗ್ರಾಣದಷ್ಟೇ ಅಗತ್ಯದ್ದು. ಇಲ್ಲಿ ಗಮನಿಸಬೇಕಾದ ಅಂಶ ನೀರು ಸಾಗುವ ಕ್ರಮ. ಬುಗ್ಗೆಯಿಂದ ನೇರವಾಗಿ ಬಂದ ನೀರು ಕೈಗೆ, ಬಾಯಿಗೆ, ಅಡುಗೆಗೆ ಸಲ್ಲುತ್ತದೆ. ತೊಟ್ಟಿಗಳಲ್ಲಿ ಬಳಸಿ ಬಿಟ್ಟದ್ದು, ಕೊಳದಿಂದ ತುಂಬಿ ಹೊರಬಂದದ್ದು, ಸ್ನಾನದ ಮನೆಯ ಬಚ್ಚಲ ನೀರು, ಕೆಥೀಡ್ರಲ್ ಮತ್ತು ಇತರ ಕಟ್ಟಡಗಳ ಚಾವಣಿಯಿಂದ ಬಿದ್ದ ಮಳೆನೀರು, ಇವೆಲ್ಲ ಸೇರಿ ದೊಡ್ಡ ಚರಂಡಿಯೊಂದಕ್ಕೆ ಇಳಿಯುತ್ತವೆ. ಆ ಚರಂಡಿ ಸನ್ಯಾಸಿಗಳ ಶೌಚಾಲಯದ ಅಡಿಯಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿದು, ಕೊಳೆಯನ್ನೆಲ್ಲ ಹೊತ್ತು ಆವರಣದಿಂದ ಹೊರಗೆ ಹೋಗುತ್ತದೆ.

ಈ ಶೌಚಾಲಯದ ಅಳತೆಯನ್ನು ಕೇಳಿದರೆ ಅಚ್ಚರಿಯಾಗುತ್ತದೆ. 145 ಅಡಿ ಉದ್ದ, 25 ಅಡಿ ಅಗಲದ ಆ ಕಟ್ಟಡದಲ್ಲಿ 55 ಆಸನಗಳಿದ್ದವು ಎಂದು 19ನೇ ಶತಮಾನದಲ್ಲಿ ಮಠದ ಅವಶೇಷಗಳನ್ನು ಅಳೆದವರು ಲೆಕ್ಕ ಹಾಕಿದ್ದಾರೆ. ನೂರೈವತ್ತರ ಆಸುಪಾಸಿನ ಸನ್ಯಾಸಿಗಳು ಒಂದೇ ವೇಳಾಪಟ್ಟಿಯಲ್ಲಿ ಏಳುವ, ಒಂದೇ ವೇಳೆಗೆ ಪ್ರಾರ್ಥನೆಗೆ ಸೇರುವ ಮಠಕ್ಕೆ ಅಷ್ಟು ಬೇಕೇ ಬೇಕಿತ್ತು. ಮಳೆ ಬಂದ ದಿನ ಚಾವಣಿಗಳ ನೀರು ಒಟ್ಟಿಗೆ ಇಳಿದು ಚರಂಡಿಯನ್ನು ರಭಸದಿಂದ ತೊಳೆಯುತ್ತಿತ್ತು. ಮಳೆಯಿಲ್ಲದ ದಿನ ಮಠದ ಬಳಕೆಯ ನೀರೇ ಆ ಕೆಲಸ ಮಾಡುತ್ತಿತ್ತು. ಬುಗ್ಗೆಯ ಒಂದು ಹನಿಗೆ ಎರಡು ಮೂರು ಸಲ ದುಡಿಯುವ ಅವಕಾಶ ಕೊಟ್ಟ ಈ ಏರ್ಪಾಟಿನಲ್ಲಿ ಪ್ರಯರ್ ಅವರಲ್ಲಿದ್ದ ಒಳ್ಳೆಯ ಗೃಹಸ್ಥನ ಕಣ್ಣು ಕಾಣುತ್ತದೆ.

ಸನ್ಯಾಸಿಗಳ ಆವರಣದ ದಕ್ಷಿಣಕ್ಕೆ, ಊರಿನ ಜನರನ್ನು ಹೂಳುತ್ತಿದ್ದ ಹೊರಗಿನ ಸ್ಮಶಾನದಲ್ಲೂ ಒಂದು ನೀರಿನ ಬುಗ್ಗೆತೊಟ್ಟಿಯನ್ನು ನಕ್ಷೆ ತೋರಿಸುತ್ತದೆ. ಕೊಳವೆಯನ್ನು ಅಷ್ಟು ದೂರ ಎಳೆದು ಮಠದವರಲ್ಲದವರ ಕೈಗೂ ನೀರು ಎಟಕುವಂತೆ ಮಾಡಿದ್ದಕ್ಕೆ ವಿಬರ್ಟ್ ಅವರಿಗೆ ಮನಸಾರೆ ಗೌರವ ಸಲ್ಲಬೇಕು. ಆದರೆ ಈ ಔದಾರ್ಯವನ್ನು ಇದ್ದದ್ದಕ್ಕಿಂತ ದೊಡ್ಡದಾಗಿ ಹೇಳುವುದೂ ಸರಿಯಲ್ಲ. ನಗರದ ಬಹುಪಾಲು ಜನ ಬಾವಿ ಮತ್ತು ನದಿಯ ನೀರಿನಲ್ಲೇ ಬದುಕಿದರು. ಈ ವಿಷಯದಲ್ಲಿ ಇಂಗ್ಲೆಂಡಿನ ಬೇರೆ ಕೆಲವು ಮಠಗಳು ಮುಂದೆ ಹೋದವು. ಸೌತಾಂಪ್ಟನ್ನಿನ ಫ್ರಾನ್ಸಿಸ್ಕನ್ ಸನ್ಯಾಸಿಗಳು 1290ರಲ್ಲಿ ದಾನವಾಗಿ ಪಡೆದ ಬುಗ್ಗೆಯ ಹೆಚ್ಚುವರಿ ನೀರನ್ನು 1310ರಲ್ಲಿ ಪಟ್ಟಣಕ್ಕೆ ಬಿಟ್ಟುಕೊಟ್ಟರು, ಮತ್ತು 1420ರಲ್ಲಿ ಇಡೀ ವ್ಯವಸ್ಥೆಯ ಹೊಣೆಯೇ ಪಟ್ಟಣದ ಕೈಗೆ ಬಂತು. ಬ್ರಿಸ್ಟಲ್ ನಗರದಲ್ಲಿ ಕಾರ್ಮಲೈಟ್ ಸನ್ಯಾಸಿಗಳ ಕೊಳವೆಯಿಂದ ಕವಲು ಪಡೆದ ಸೇಂಟ್ ಜಾನ್ ಚರ್ಚಿನ ನಲ್ಲಿ, ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ನಗರದ ಮುಖ್ಯ ಕೊಳವೆಗಳು ಒಡೆದಾಗ ಜನರಿಗೆ ನೀರು ಕೊಟ್ಟಿತು.

ಈಗ ನಾನು ಮೊದಲೇ ಹೇಳಿದ ಹಿರಿಮೆಗೆ ಬರುತ್ತೇನೆ. ಶುಶ್ರೂಷಾಲಯದ ಅಂಗಳದ ಬಳಿ ನಕ್ಷೆಯಲ್ಲಿ ಒಂದು ಬಾವಿ ಇದೆ, ಅದರ ಪಕ್ಕದಲ್ಲಿ ಒಂದು ಕಂಬ ಇದೆ. ಕಂಬದ ಪಕ್ಕದ ಲ್ಯಾಟಿನ್ ಬರಹದ ಸಾರ ಹೀಗಿದೆ: ಕೊಳವೆಯ ನೀರು ನಿಂತುಹೋದರೆ ಬಾವಿಯಿಂದ ನೀರು ಸೇದಿ ಈ ಕಂಬದೊಳಗೆ ಹೊಯ್ಯಬಹುದು, ಆಗ ಎಲ್ಲ ಕಾರ್ಯಶಾಲೆಗಳಿಗೂ ನೀರು ಸಿಗುತ್ತದೆ. ಒಂದೇ ವಾಕ್ಯದ ಈ ಸೂಚನೆಯ ಹಿಂದೆ ಎಷ್ಟು ಯೋಚನೆ ಇದೆ ಎಂದು ನೋಡಿ. ಕಂಬ ಟೊಳ್ಳಾಗಿದ್ದು ಒಳಗಿನ ಕೊಳವೆ ಮುಖ್ಯ ಜಾಲಕ್ಕೆ ಕೂಡಿಕೊಂಡಿದೆ. ಕಂಬದ ಎತ್ತರದಿಂದ ಹೊಯ್ದ ನೀರು ತನ್ನ ಭಾರದಿಂದಲೇ ಜಾಲದ ಕವಲುಗಳಿಗೆ ಹಂಚಿಕೆಯಾಗುತ್ತದೆ. ಅಂದರೆ ಬುಗ್ಗೆ ಬತ್ತಿದರೂ, ಹೊಲದ ನಡುವೆ ಕೊಳವೆ ಒಡೆದರೂ, ಯುದ್ಧದ ಸಮಯದಲ್ಲಿ ಗೋಡೆಯಾಚೆ ಯಾರಾದರೂ ಕೊಳವೆಯನ್ನು ಕತ್ತರಿಸಿದರೂ, ಆವರಣದೊಳಗಿನ ಹಂಚಿಕೆ ನಿಲ್ಲುವುದಿಲ್ಲ. ಅಡುಗೆಯವರು ಕೊಡ ಹೊತ್ತು ಓಡಾಡಬೇಕಿಲ್ಲ; ಒಂದು ಜಾಗದಲ್ಲಿ ನಿಂತು ನೀರು ಸೇದುವ ಜನ ಇದ್ದರೆ ಸಾಕು. ಹೊಸ ವ್ಯವಸ್ಥೆ ಬಂದಾಗ ಹಳೆಯ ಬಾವಿಯನ್ನು ಮುಚ್ಚಿಹಾಕದೆ, ಅದನ್ನು ಹೊಸದರ ಅಂಗವನ್ನಾಗಿ ಮಾಡಿಕೊಂಡದ್ದು ದೊಡ್ಡ ಬುದ್ಧಿವಂತಿಕೆ.

ಇಂಥ ಭಯ ಕಾಲ್ಪನಿಕವಾಗಿರಲಿಲ್ಲ ಎಂಬುದಕ್ಕೆ ಸರ್ರೆ ಸೀಮೆಯ ವೇವರ್ಲಿ ಮಠದ ಉದಾಹರಣೆ ಸಾಕು. 1128ರಲ್ಲಿ ಸ್ಥಾಪನೆಯಾದ, ಇಂಗ್ಲೆಂಡಿನ ಮೊದಲ ಸಿಸ್ಟರ್ಶಿಯನ್ ಮಠವಾದ ಅದಕ್ಕೆ ನೀರು ಕೊಡುತ್ತಿದ್ದ ಬುಗ್ಗೆ 1215ರ ಸುಮಾರಿಗೆ ಬತ್ತಿಹೋಯಿತು. ಸೈಮನ್ ಎಂಬ ಸನ್ಯಾಸಿ ಹೊಸ ಒರತೆಗಳನ್ನು ಹುಡುಕಿ, ಅಗೆದು, ನೆಲದಡಿಯ ಕಾಲುವೆಗಳಿಂದ ಒಂದೆಡೆ ಸೇರಿಸಿ ಮಠಕ್ಕೆ ತರಬೇಕಾಯಿತು. ಆ ಶ್ರಮವನ್ನು ಮಠದವರು ತಮ್ಮ ವಾರ್ಷಿಕ ದಾಖಲೆಯಲ್ಲೇ ಬರೆದಿಟ್ಟಿದ್ದಾರೆ.

ನಾನು ಇಷ್ಟು ಹೊತ್ತಿನಿಂದ ಹೇಳುತ್ತಿರುವ ನಕ್ಷೆ ಇರುವುದು ಈಡ್ವಿನ್ ಸಾಲ್ಟರ್ ಎಂಬ ಕೀರ್ತನೆಗಳ ಹಸ್ತಪ್ರತಿಯ ಕೊನೆಯಲ್ಲಿ. ಕ್ಯಾಂಟರ್ಬರಿಯಲ್ಲೇ ತಯಾರಾದ ಆ ಹಸ್ತಪ್ರತಿ ಈಗ ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜಿನ ಗ್ರಂಥಾಲಯದಲ್ಲಿದೆ. ಎರಡು ಚಿತ್ರಗಳಿವೆ: ಎದುರುಬದುರಿನ ಎರಡು ಹಾಳೆಗಳ ಮೇಲೆ ಹರಡಿಕೊಂಡ ದೊಡ್ಡದು ಮಠದ ಆವರಣವನ್ನೂ ಅದರೊಳಗಿನ ಕೊಳವೆಗಳನ್ನೂ ತೋರಿಸುತ್ತದೆ, ಮುಂದಿನ ಚಿಕ್ಕದು ಬುಗ್ಗೆಯಿಂದ ಗೋಡೆಯವರೆಗಿನ ದಾರಿಯನ್ನು ತೋರಿಸುತ್ತದೆ. ಕಟ್ಟಡಗಳನ್ನು ಎದುರಿನಿಂದ ಕಂಡಂತೆ ನೆಲಕ್ಕೆ ಮಲಗಿಸಿ ಬರೆದಿದ್ದಾರೆ. ಕಿಟಕಿ, ಚಾವಣಿ, ಗೋಪುರಗಳೆಲ್ಲ ಇವೆ. ಪರದೆಯ ಮೇಲೆ ಹಿಗ್ಗಿಸಿ ನೋಡಿದರೆ ಶುಶ್ರೂಷಾಲಯದ ಬಳಿ ಗಿಡಮೂಲಿಕೆಗಳ ತೋಟವೂ, ಗೋಡೆಯಾಚೆ ದ್ರಾಕ್ಷಿಯ ಬಳ್ಳಿಗಳೂ ಕಾಣುತ್ತವೆ. ಒಳಬರುವ ನೀರಿನ ಕೊಳವೆಗೂ ಹೊರಹೋಗುವ ನೀರಿನ ದಾರಿಗೂ ಬೇರೆ ಬೇರೆ ಬಣ್ಣ ಹಾಕಿದ್ದಾರೆ. ಅಳತೆ ಮಾತ್ರ ನಿಖರವಲ್ಲ, ಹಾಗಾಗಿ ಇದನ್ನು ಹಿಡಿದು ಅಗೆಯಲು ಹೊರಟವರು ಹೆಜ್ಜೆ ತಪ್ಪುತ್ತಾರೆ.

ಈ ಚಿತ್ರವನ್ನು ಬರೆಸಿದ್ದು ಏಕೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ವಿಬರ್ಟ್ ಅವರ ಸಾಧನೆಯ ಸ್ಮಾರಕ ಎಂದು ಕೆಲವರು, ದುರಸ್ತಿಗೆ ಬೇಕಾಗುವ ಕೈಪಿಡಿ ಎಂದು ಕೆಲವರು ಹೇಳುತ್ತಾರೆ. ಪವಿತ್ರ ಗ್ರಂಥದೊಳಗೆ ಕೊಳವೆಯ ಚಿತ್ರವನ್ನು ಇಟ್ಟಿರುವುದು ಮೊದಲಿನ ವಾದಕ್ಕೆ ಬಲ ಕೊಡುತ್ತದೆ, ನಿಜ. ಆದರೆ ನೀರು ನಿಂತಾಗ ಏನು ಮಾಡಬೇಕೆಂಬ ಸೂಚನೆಯನ್ನು ಬಾವಿಯ ಪಕ್ಕದಲ್ಲೇ ಬರೆದವರು ಮುಂದಿನ ತಲೆಮಾರಿನ ದುರಸ್ತಿಗಾರನನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು ಎಂದೇ ನಾನು ನಂಬುತ್ತೇನೆ. ನೆಲದಡಿಯ ವ್ಯವಸ್ಥೆಯನ್ನು ಕಟ್ಟಿದವರು ಸತ್ತಾಗ ಅದರ ಜ್ಞಾನವೂ ಅವರೊಡನೆ ಹೋಗುತ್ತದೆ; ಆ ನಷ್ಟವನ್ನು ತಡೆಯುವ ಪ್ರಯತ್ನ ಇಲ್ಲಿದೆ. ಲಂಡನ್ನಿನ ಚಾರ್ಟರ್‌ಹೌಸ್ ಸನ್ಯಾಸಿಗಳೂ 1430ರಲ್ಲಿ ಇಸ್ಲಿಂಗ್ಟನ್ ಕಡೆಯಿಂದ ನೀರು ತಂದ ಮೇಲೆ ಚರ್ಮದ ಹಾಳೆಗಳನ್ನು ಜೋಡಿಸಿ ಸುಮಾರು 3 ಮೀಟರ್ ಉದ್ದದ ನಕ್ಷೆ ಮಾಡಿಸಿಕೊಂಡರು. ಅದು ಕ್ಯಾಂಟರ್ಬರಿಯ ಚಿತ್ರಕ್ಕಿಂತ ಹೆಚ್ಚು ಒಣ, ಹೆಚ್ಚು ಉಪಯುಕ್ತ.

ಬೇರೆ ಮಠಗಳ ಜೊತೆ ಹೋಲಿಸಿ ನೋಡುವುದು ನ್ಯಾಯ. ಸಿಸ್ಟರ್ಶಿಯನ್ ಪಂಥದವರು ಮಠಕ್ಕೆ ನೀರು ತರುವ ಬದಲು ನೀರಿದ್ದಲ್ಲಿಗೆ ಮಠವನ್ನೇ ಒಯ್ದರು. ಯಾರ್ಕ್‌ಶೈರ್ ಸೀಮೆಯಲ್ಲಿ 1132ರಲ್ಲಿ ಆರಂಭವಾದ ಫೌಂಟನ್ಸ್ ಮಠವನ್ನು ಸ್ಕೆಲ್ ನದಿಯ ಕಣಿವೆಯಲ್ಲಿ ಕಟ್ಟಿ, ನದಿಯನ್ನೇ ಕಲ್ಲಿನ ಸುರಂಗಗಳಲ್ಲಿ ಹಾಯಿಸಿ ಅದರ ಮೇಲೆ ಕಟ್ಟಡಗಳನ್ನು ನಿಲ್ಲಿಸಿದರು. ಫ್ರಾನ್ಸಿನ ಕ್ಲೇರ್ವೋ ಮಠವನ್ನು 1135ರಲ್ಲಿ ಕಣಿವೆಯ ಹೆಚ್ಚು ವಿಶಾಲವಾದ ಭಾಗಕ್ಕೆ ಸ್ಥಳಾಂತರಿಸಿ, ಓಬ್ ನದಿಯ ಕಾಲುವೆಯಿಂದ ಗಿರಣಿ, ಬಟ್ಟೆ ಕುಟ್ಟುವ ಯಂತ್ರ, ಚರ್ಮ ಹದ ಮಾಡುವ ಶಾಲೆ ಎಲ್ಲವನ್ನೂ ನಡೆಸಿದರು. ದುಡಿಮೆಯ ಬಲದಲ್ಲಿ ಈ ನದಿ ವ್ಯವಸ್ಥೆಗಳ ಮುಂದೆ ಕ್ಯಾಂಟರ್ಬರಿಯ ಸಣ್ಣ ಕೊಳವೆ ಏನೂ ಅಲ್ಲ. ಕುಡಿಯುವ ನೀರಿನ ಶುದ್ಧತೆಯನ್ನು ಮುಂದಿಟ್ಟು ನೋಡಿದರೆ ತಕ್ಕಡಿ ಕ್ಯಾಂಟರ್ಬರಿಯ ಕಡೆಗೆ ವಾಲುತ್ತದೆ. ಒಬ್ಬೊಬ್ಬರಿಗೂ ಸಿಗುವ ಸೌಕರ್ಯದಲ್ಲಿ ಮಾತ್ರ 1398ರಲ್ಲಿ ಸ್ಥಾಪನೆಯಾದ ಯಾರ್ಕ್‌ಶೈರಿನ ಮೌಂಟ್ ಗ್ರೇಸ್ ಮಠ ಎಲ್ಲರನ್ನೂ ಮೀರಿಸಿತು. ಅಲ್ಲಿ ಪ್ರತಿ ಸನ್ಯಾಸಿಯ ಪ್ರತ್ಯೇಕ ಮನೆಗೂ ನಲ್ಲಿಯ ನೀರು ಮತ್ತು ಹರಿಯುವ ನೀರಿನ ಶೌಚಾಲಯ ಇತ್ತು.

ದೋಷಗಳನ್ನೂ ಹೇಳಬೇಕು. ಸೀಸ ವಿಷ. ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಕ್ರಿಸ್ತಪೂರ್ವ 1ನೇ ಶತಮಾನದಲ್ಲೇ ಸೀಸದ ಕೊಳವೆಗಿಂತ ಮಣ್ಣಿನ ಕೊಳವೆಯ ನೀರು ಆರೋಗ್ಯಕರ ಎಂದು ಎಚ್ಚರಿಸಿದ್ದ. ಗಡಸು ನೀರು ಹರಿಯುವ ಕೊಳವೆಯ ಒಳಮೈಗೆ ಕಾಲಕ್ರಮದಲ್ಲಿ ಸುಣ್ಣದ ಪದರ ಕಟ್ಟಿಕೊಂಡು ಸೀಸ ಕರಗುವುದು ಕಡಿಮೆಯಾಗುತ್ತದೆ, ನೀರು ನಿಲ್ಲದೆ ಹರಿಯುತ್ತಿದ್ದರೆ ಇನ್ನೂ ಕಡಿಮೆ. ಆದರೂ ಅಪಾಯ ಸೊನ್ನೆಯಾಗುವುದಿಲ್ಲ. ಇಷ್ಟೊಂದು ಸೀಸವನ್ನು ಕೊಳ್ಳಲು ಮಠದ ಸಂಪತ್ತೇ ಬೇಕಿತ್ತು, ಕೊಳವೆ ಹಾಯುವ ಭೂಮಿಯ ಹಕ್ಕೂ ಬೇಕಿತ್ತು. ಸಾಧಾರಣ ಪಟ್ಟಣವೊಂದು ಅನುಕರಿಸಬಹುದಾದ ಯೋಜನೆ ಇದಾಗಿರಲಿಲ್ಲ.

ಒಳ್ಳೆಯ ನೀರಿದ್ದುದರಿಂದ ಇಲ್ಲಿನ ಸನ್ಯಾಸಿಗಳು ರೋಗಗಳಿಂದ ಪಾರಾದರು ಎಂಬ ಮಾತನ್ನೂ ಕೇಳಿದ್ದೇನೆ. ಅದನ್ನು ಒಪ್ಪುವುದು ಕಷ್ಟ. ಪ್ಲೇಗ್ ನೀರಿನಿಂದ ಹರಡುವ ರೋಗವಲ್ಲ. ಇದೇ ಮಠದ 15ನೇ ಶತಮಾನದ ಮರಣ ದಾಖಲೆಗಳನ್ನು ಅಧ್ಯಯನ ಮಾಡಿದ ಇತಿಹಾಸಕಾರರು ಪ್ಲೇಗ್, ಕ್ಷಯ ಮುಂತಾದ ರೋಗಗಳಿಂದ ಸನ್ಯಾಸಿಗಳ ಆಯುಷ್ಯ ಬಹಳ ಕುಗ್ಗಿದ್ದನ್ನು ತೋರಿಸಿದ್ದಾರೆ. ಬೆಂಕಿಯ ವಿಷಯದಲ್ಲೂ ಇದರ ಮಿತಿ ಬಯಲಾಯಿತು. 1174ರ ಸೆಪ್ಟೆಂಬರ್ 5ರಂದು ಹತ್ತಿರದ ಮನೆಗಳಿಗೆ ಹತ್ತಿದ ಬೆಂಕಿಯ ಕಿಡಿಗಳು ಕೆಥೀಡ್ರಲ್ ಚಾವಣಿಯ ಸೀಸದ ತಗಡುಗಳ ಸಂದಿಯಲ್ಲಿ ನುಗ್ಗಿ, ಒಳಗಿನ ಮರದ ತೊಲೆಗಳಿಗೆ ಯಾರಿಗೂ ಕಾಣದಂತೆ ಹತ್ತಿಕೊಂಡವು ಎಂದು ಅಲ್ಲಿನ ಸನ್ಯಾಸಿ ಜರ್ವೇಸ್ ಬರೆದಿದ್ದಾರೆ. ಒಂದು ಅಂತಸ್ತಿನವರೆಗೆ ಏರಬಲ್ಲ ನೀರು ಆ ಎತ್ತರದ ಚಾವಣಿಗೆ ಎಟಕುವಂತಿರಲಿಲ್ಲ; ಚರ್ಚಿನ ಪೂರ್ವ ಭಾಗ ಸುಟ್ಟುಹೋಯಿತು.

ಆದರೂ ಈ ಸೇವೆ ತಲೆಮಾರುಗಳವರೆಗೆ ನಡೆಯಿತು. 1170ರಲ್ಲಿ ಆರ್ಚ್‌ಬಿಷಪ್ ಥಾಮಸ್ ಬೆಕೆಟ್ ಕೊಲೆಯಾದ ನಂತರ ಕ್ಯಾಂಟರ್ಬರಿ ಯಾತ್ರಾಸ್ಥಳವಾಗಿ, ವಿಬರ್ಟ್ ಊಹಿಸಿರಲಾರದಷ್ಟು ಜನ ಬರತೊಡಗಿದರು. 1400ರ ಆಸುಪಾಸಿನಲ್ಲಿ ಪ್ರಯರ್ ಥಾಮಸ್ ಚಿಲೆಂಡನ್ ನೀರಿನ ಗೋಪುರದ ಮೇಲಂತಸ್ತನ್ನು ಹೊಸ ಶೈಲಿಯ ದೊಡ್ಡ ಕಿಟಕಿಗಳೊಂದಿಗೆ ಮತ್ತೆ ಕಟ್ಟಿಸಿದರು. ಕೆಳಗಿನ ನಾರ್ಮನ್ ಮಂಟಪವನ್ನು ಹಾಗೆಯೇ ಉಳಿಸಿಕೊಂಡರು. 1540ರಲ್ಲಿ ಎಂಟನೇ ಹೆನ್ರಿಯ ಆಳ್ವಿಕೆಯಲ್ಲಿ ಮಠ ಮುಚ್ಚಿತು.

ನೋಡಲು ಹೋಗುವವರಿಗೆ ನನ್ನ ಸಲಹೆ ಇಷ್ಟು. ಹೊರಡುವ ಮೊದಲೇ ಟ್ರಿನಿಟಿ ಕಾಲೇಜಿನ ಗ್ರಂಥಾಲಯವು ಅಂತರ್ಜಾಲದಲ್ಲಿ ಇಟ್ಟಿರುವ ಹಸ್ತಪ್ರತಿಯ ಚಿತ್ರಗಳನ್ನು ತೆರೆದು, ಚಿಕ್ಕ ಚಿತ್ರದಿಂದ ಆರಂಭಿಸಿ ಬುಗ್ಗೆಯಿಂದ ಗೋಡೆಯವರೆಗೆ ಕಣ್ಣಾಡಿಸಿ, ಅನಂತರ ದೊಡ್ಡದರಲ್ಲಿ ಒಂದೊಂದೇ ಕವಲನ್ನು ಹಿಂಬಾಲಿಸಿ. ಕ್ಯಾಂಟರ್ಬರಿಯಲ್ಲಿ ನೀರಿನ ಗೋಪುರವನ್ನು ಕೆಳಗಿನ ಅಂಗಳದ ಕಡೆಯಿಂದ ನೋಡಿದರೆ ನಾರ್ಮನ್ ಕಮಾನುಗಳೂ ಮೇಲಿನ ಹೊಸ ಕಟ್ಟಡವೂ ಒಟ್ಟಿಗೆ ಸಿಗುತ್ತವೆ. ಕೆಥೀಡ್ರಲ್‌ನ ಒಳಗಿನ ಬಣ್ಣದ ಗಾಜುಗಳಿಗೆ ಎಲ್ಲರೂ ಹೊತ್ತು ಕೊಡುತ್ತಾರೆ. ಉತ್ತರ ಬದಿಯ ಈ ಅವಶೇಷಗಳಿಗೆ ಕನಿಷ್ಠ ಅರ್ಧ ದಿನವನ್ನು ಎತ್ತಿಡಿ, ವಿಬರ್ಟ್ ಅವರ ಕಾಲದ್ದೇ ಆದ, ಹಸಿರು ಅಂಗಳದ ಮೂಲೆಯ ನಾರ್ಮನ್ ಮೆಟ್ಟಿಲನ್ನೂ ಅದೇ ಸುತ್ತಿನಲ್ಲಿ ನೋಡಿ ಮುಗಿಸಬಹುದು.